ಗಂಜಿ ನೆಕ್ಕಿದ ಮಾತ್ರಕ್ಕೆ

ಪುತ್ತಿಗೆಯ ನಮ್ಮ ಮನೆಯಿಂದ ಎರಡು ತೋಟ ದಾಟಿದರೆ ಸಿಗುವ ಮನೆಯ ಹಟ್ಟಿಯ ಹಿಂದೆ, ಸೌದೆ ರಾಶಿಯ ಸಂದಿಯಲ್ಲಿ, ದೀಪಾವಳಿ ಕಳೆದ ವಾರ ಆ ಮನೆಯ ನಾಯಿ ಕೆಂಪಿ ಐದು ಮರಿ ಹಾಕಿತ್ತು. ನಾನು ನೋಡಲು ಹೋದದ್ದು 32ನೇ ದಿನ. ಅಂಗಳದ ಮೂಲೆಯಲ್ಲಿ ಒಂದು ಅಡಿಕೆ ಹಾಳೆ, ಅದರಲ್ಲಿ ಆರಿದ ಕುಚ್ಚಲಕ್ಕಿ ಗಂಜಿ. ಐದೂ ಮರಿಗಳು ಮೂತಿ ಅದ್ದಿಕೊಂಡು ನೆಕ್ಕುತ್ತಿದ್ದವು. ಒಂದಂತೂ ಮುಂಗಾಲೆರಡನ್ನೂ ಗಂಜಿಯೊಳಗೇ ಊರಿ ನಿಂತು, ನೆಕ್ಕುವುದು ಗಂಜಿಯನ್ನೋ ತನ್ನ ಕಾಲನ್ನೋ ಎಂಬ ಗೊಂದಲದಲ್ಲಿತ್ತು.

“ಗಂಜಿ ನೆಕ್ತದೆ ಅಕ್ಕ, ಇನ್ನೆಂತ ತಡ? ಬೇಕಾದ್ದನ್ನು ಇವತ್ತೇ ತಕೊಂಡು ಹೋಗಿ” ಎಂದರು ಮನೆಯ ಯಜಮಾನರು.

“ಇನ್ನೊಂದು ತಿಂಗಳು ಇಲ್ಲೇ ಇರ್ಲಿ ಅಣ್ಣ. ಬೇಕಾದ್ರೆ ಗಂಜಿಯ ಅಕ್ಕಿ ನಾನು ಕೊಡ್ತೇನೆ.”

ಅವರಿಗೆ ನಗು ತಡೆಯಲಿಲ್ಲ. “ಎಂತ ಮಾರಾಯ್ರೆ, ನಾಯಿಕುನ್ನಿಗೂ ಬಾಣಂತನವಾ?”

ನಮ್ಮ ಕಡೆಯ ಲೆಕ್ಕ ಇಷ್ಟೇ. ಕಣ್ಣು ಬಿಟ್ಟಿತು, ನಡೆಯಿತು, ಗಂಜಿ ನೆಕ್ಕಿತು, ಇನ್ನು ಕೊಟ್ಟುಬಿಡಬಹುದು. ಮೂಡುಬಿದಿರೆಯಲ್ಲಿರಲಿ, ಬಂಟ್ವಾಳ ಬೆಳ್ತಂಗಡಿಯ ಯಾವ ಹಳ್ಳಿಯಲ್ಲಿರಲಿ, ತಿಂಗಳು ತುಂಬಿದ ಮರಿ ಅಡಿಕೆ ಚೀಲದಲ್ಲೋ ರಟ್ಟಿನ ಪೆಟ್ಟಿಗೆಯಲ್ಲೋ ಕುಳಿತು ಹೊಸ ಮನೆಗೆ ಹೊರಟುಬಿಡುತ್ತದೆ. ಗಂಜಿ ನೆಕ್ಕುವುದು ಹೊಟ್ಟೆಯ ಮಾತು. ಅದರಾಚೆಗೆ ಮರಿಯ ತಲೆ, ರಕ್ತ, ಹಲ್ಲು, ಭಯ ಇವೆಲ್ಲ ತಯಾರಾಗುವುದು ಆಮೇಲಿನ ಆ ಒಂದು ತಿಂಗಳಲ್ಲಿ. ನಾವು ಕಡಿದುಹಾಕುವುದು ಸರಿಯಾಗಿ ಅದೇ ತಿಂಗಳನ್ನು.

ಸುಮಾರು 63 ದಿನ ಹೊಟ್ಟೆಯಲ್ಲಿದ್ದು ಹುಟ್ಟುವ ನಾಯಿಮರಿ ಕರುವಿನ ಹಾಗೆ ಎದ್ದು ನಿಲ್ಲುವ ಜೀವವಲ್ಲ. ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ, ಮೈಯ ಬಿಸಿಯನ್ನು ತಾನೇ ಹಿಡಿದಿಟ್ಟುಕೊಳ್ಳುವ ತಾಕತ್ತೂ ಇಲ್ಲ. ಅದಕ್ಕೇ ಮರಿಗಳೆಲ್ಲ ಒಂದರ ಮೇಲೊಂದು ರಾಶಿ ಬಿದ್ದಿರುತ್ತವೆ. ತಾಯಿ ನೆಕ್ಕಿದರೆ ಮಾತ್ರ ಉಚ್ಚೆ ಹೊಯ್ಯುತ್ತವೆ. ಎರಡನೇ ವಾರ ಕಣ್ಣು ಬಿಡುತ್ತವೆ, ಮೂರನೇ ವಾರಕ್ಕೆ ಕಿವಿ ತೆರೆಯುತ್ತದೆ, ಆ ಹೊತ್ತಿಗೇ ಹಾಲುಹಲ್ಲು ಮೊಳೆಯತೊಡಗುತ್ತದೆ. ಹಾಲುಹಲ್ಲುಗಳ ಲೆಕ್ಕ 28. ಅಂದರೆ ಗಂಜಿ ನೆಕ್ಕುವ ಮರಿ ಲೋಕವನ್ನು ಕಂಡು, ಕೇಳಿ ಇನ್ನೂ ಹೆಚ್ಚು ದಿನವಾಗಿರುವುದಿಲ್ಲ.

ಮರಿಯ ಸ್ವಭಾವ ಯಾವಾಗ ಗಟ್ಟಿಯಾಗುತ್ತದೆ ಎಂಬುದನ್ನು ವರ್ಷಗಟ್ಟಲೆ ಕೂತು ನೋಡಿದವರಿದ್ದಾರೆ. ಅಮೆರಿಕದ ಬಾರ್ ಹಾರ್ಬರ್ ಎಂಬಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಐದು ತಳಿಯ ನಾಯಿಗಳನ್ನು ಸಾಕಿ, ತಲೆಮಾರುಗಳನ್ನು ಗಮನಿಸಿ, 1965ರಲ್ಲಿ ಪುಸ್ತಕ ತಂದರು. ಅವರು ಕಂಡದ್ದು ಇದು: ಮೂರನೇ ವಾರದಿಂದ ಸುಮಾರು ಹನ್ನೆರಡನೇ ವಾರದವರೆಗೆ ಮರಿಯ ಮನಸ್ಸು ತೆರೆದ ಬಾಗಿಲು. ಆಗ ಯಾರು ಒಳಗೆ ಬರುತ್ತಾರೋ ಅವರು ‘ನಮ್ಮವರು’, ಆಮೇಲೆ ಬಂದವರು ಹೊರಗಿನವರು. 1961ರಲ್ಲಿ ಇದೇ ಬಳಗ ಇನ್ನೊಂದು ಪ್ರಯೋಗ ಪ್ರಕಟಿಸಿತ್ತು. ಬೇಲಿ ಹಾಕಿದ ದೊಡ್ಡ ಬಯಲಿನಲ್ಲಿ ತಾಯಿಯ ಜೊತೆ ಮರಿಗಳನ್ನು ಬಿಟ್ಟು, ಒಂದೊಂದು ಗುಂಪನ್ನು ಒಂದೊಂದು ವಯಸ್ಸಿನಲ್ಲಿ ವಾರದ ಮಟ್ಟಿಗೆ ಮನುಷ್ಯರ ಬಳಿ ತಂದರು. ಹದಿನಾಲ್ಕು ವಾರದವರೆಗೂ ಮನುಷ್ಯರ ಕೈ ಸೋಕದೆ ಬೆಳೆದವು ಕೊನೆಗೆ ಕಾಡುಪ್ರಾಣಿಗಳ ಹಾಗೇ ವರ್ತಿಸಿದವು.

ಹಾಗಾದರೆ ಬೇಗ ತಂದರೆ ಒಳ್ಳೆಯದಲ್ಲವೇ ಎಂದು ಕೇಳಬಹುದು. ಸಮಸ್ಯೆ ಇರುವುದು ಇಲ್ಲೇ. ಅದೇ ವಾರಗಳಲ್ಲಿ ಮರಿ ನಾಯಿಯಾಗುವುದನ್ನೂ ಕಲಿಯಬೇಕು, ಅದನ್ನು ಕಲಿಸುವುದು ನಮ್ಮಿಂದಾಗದ ಕೆಲಸ. 40ನೇ ದಿನ ಹೋದಾಗ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಎದೆಯ ಮೇಲೆ ಬಿಳಿ ಮಚ್ಚೆಯಿದ್ದ ಕಪ್ಪು ಹೆಣ್ಣುಮರಿ, ಅಣ್ಣನ ಕಿವಿ ಕಚ್ಚಿ ಜಗ್ಗಿತು. ಅವನು ಕಿಂಯ್ ಎಂದು ಅರಚಿ, ಆಟ ಬಿಟ್ಟು ಹೋಗಿ ಸೌದೆಯ ಪಕ್ಕ ಕುಳಿತ. ಇವಳು ಒಂದು ಕ್ಷಣ ಪೆಚ್ಚಾಗಿ ನಿಂತು, ಹತ್ತಿರ ಹೋಗಿ ಅದೇ ಕಿವಿಯನ್ನು ಮತ್ತೆ ಬಾಯಲ್ಲಿ ಹಿಡಿದಳು, ಈ ಸಲ ಮೆಲ್ಲಗೆ. ಆಟ ಮುಂದುವರಿಯಿತು. ಅರ್ಧ ನಿಮಿಷದ ಪಾಠ. ಎಷ್ಟು ಬಲವಾಗಿ ಕಚ್ಚಿದರೆ ನೋವು, ಎಷ್ಟಕ್ಕೆ ಆಟ ನಿಲ್ಲುತ್ತದೆ ಎಂಬ ಈ ಲೆಕ್ಕ ತಲೆಗೆ ಹತ್ತಲು ದಿನಕ್ಕೆ ಹತ್ತಾರು ಸಲ ಇದು ನಡೆಯಬೇಕು. ಒಂಟಿಯಾಗಿ ಬೆಳೆದ ಮರಿ ಈ ಲೆಕ್ಕವನ್ನು ನಮ್ಮ ಮಕ್ಕಳ ಕೈಯ ಮೇಲೆ ಮಾಡಲು ಹೊರಡುತ್ತದೆ. ಕೆಂಪಿಯೂ ಆಗ ಕೂತು ಹಾಲು ಕೊಡುತ್ತಿರಲಿಲ್ಲ. ನಿಂತೇ ಕೊಟ್ಟು, ಸಾಕೆನಿಸಿದಾಗ ನಡೆದುಬಿಡುತ್ತಿತ್ತು. ಬೆನ್ನು ಹತ್ತಿದವಕ್ಕೆ ಗುರ್ ಎನ್ನುತ್ತಿತ್ತು. ಬೇಕೆಂದದ್ದು ಬೇಕೆಂದಾಗ ಸಿಗುವುದಿಲ್ಲ ಎಂಬುದನ್ನು ತಾಯಿ ಕಲಿಸುವ ಕ್ರಮ ಅದು.

ಇಟಲಿಯಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ 30ರಿಂದ 40 ದಿನದೊಳಗೆ ತಾಯಿಯಿಂದ ಬೇರೆಯಾದ ನಾಯಿಗಳನ್ನೂ ಎರಡು ತಿಂಗಳಿಗೆ ಬೇರೆಯಾದವನ್ನೂ ಹೋಲಿಸಿ ನೋಡಿತು. ಬೇಗ ಬೇರೆಯಾದವು ದೊಡ್ಡವಾದ ಮೇಲೂ ಹೆಚ್ಚು ಬೊಗಳುತ್ತಿದ್ದವು, ಹೆಚ್ಚು ಹೆದರುತ್ತಿದ್ದವು, ಬಾಯಿಗೆ ಸಿಕ್ಕಿದ್ದನ್ನು ಹರಿಯುತ್ತಿದ್ದವು. ನಮ್ಮ ದೇಶದ ಕಾನೂನೂ ಇದನ್ನು ಒಪ್ಪಿದೆ: ನಾಯಿ ಸಾಕಣೆ ಮತ್ತು ಮಾರಾಟದ 2017ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ತಳಿಗಾರರು ಮಾರುವಂತಿಲ್ಲ. ಸೌದೆ ರಾಶಿಯ ಹಿಂದೆ ಹುಟ್ಟಿದ ಊರುನಾಯಿಯ ಮರಿಯನ್ನು ಯಾರೂ ಮಾರುವುದಿಲ್ಲ, ಹಾಗಾಗಿ ನಿಯಮ ಅದರ ಬಳಿ ಸುಳಿಯುವುದೂ ಇಲ್ಲ. ಆದರೆ ಮರಿಯ ಮಿದುಳಿಗೆ ತನ್ನನ್ನು ಮಾರಿದರೋ ಪುಕ್ಕಟೆ ಕೊಟ್ಟರೋ ಎಂಬ ವ್ಯತ್ಯಾಸವಿಲ್ಲ.

ಇಷ್ಟೆಲ್ಲ ನನಗೆ ಮೊದಲೇ ತಿಳಿದಿತ್ತು ಎಂದುಕೊಳ್ಳಬೇಡಿ. ಆರು ವರ್ಷದ ಹಿಂದೆ ನಾನೂ ತಿಂಗಳ ಮರಿಯೊಂದನ್ನು ಮಡಿಲಲ್ಲಿ ಇಟ್ಟುಕೊಂಡು ರಿಕ್ಷಾದಲ್ಲಿ ತಂದವಳೇ. ದಾಸು ಎಂದು ಹೆಸರಿಟ್ಟೆವು. ಹನ್ನೊಂದನೇ ದಿನ ಬೆಳಿಗ್ಗೆ ಗಂಜಿ ಮುಟ್ಟಲಿಲ್ಲ. ಮಧ್ಯಾಹ್ನ ನೊರೆ ವಾಂತಿ. ಸಂಜೆಗೆ ರಕ್ತದ ಭೇದಿ, ಒಮ್ಮೆ ಮೂಗಿಗೆ ಹೊಡೆದರೆ ಜೀವಮಾನದಲ್ಲಿ ಮರೆಯದ ವಾಸನೆ. ‘ಹುಳದ ಕಾಟ’ ಎಂದುಕೊಂಡು ಒಂದು ರಾತ್ರಿ ಕಾದೆ. ಆ ರಾತ್ರಿ ಕಾದದ್ದೇ ತಪ್ಪು. ಮೂರನೇ ದಿನ ತೆಂಗಿನ ಬುಡದಲ್ಲಿ ಗುಂಡಿ ತೋಡಿದೆವು. ಮರುವರ್ಷ ಅದೇ ಅಂಗಳಕ್ಕೆ ಇನ್ನೊಂದು ಮರಿ ತಂದೆ, ಅದಕ್ಕೂ ಅದೇ ಕಾಯಿಲೆ. ಅದು ಬದುಕಿದ್ದು ನಾಲ್ಕು ದಿನ ಡ್ರಿಪ್ ಹಾಕಿ ಕುಳಿತ ದನದ ಡಾಕ್ಟ್ರ ತಾಳ್ಮೆಯಿಂದ.

ಇದು ಪಾರ್ವೊ. 1978ರ ಹೊತ್ತಿಗೆ ಒಮ್ಮೆಲೇ ಲೋಕದ ಹಲವೆಡೆ ಕಾಣಿಸಿಕೊಂಡ ವೈರಾಣು. ನಾಯಿಯಿಂದ ನಾಯಿಗೆ ನೇರವಾಗಿ ಹಾರಲೇಬೇಕೆಂದಿಲ್ಲ, ಹೇಲಿನ ಮೂಲಕ ಮಣ್ಣಿಗೆ ಬಿದ್ದು ತಿಂಗಳುಗಟ್ಟಲೆ ಅಲ್ಲೇ ಕಾಯುತ್ತದೆ, ನಮ್ಮ ಚಪ್ಪಲಿಗೆ ಅಂಟಿಕೊಂಡೂ ಮನೆಗೆ ಬರುತ್ತದೆ. ಸಿಮೆಂಟು ನೆಲವಾದರೆ ತೊಳೆದು, ಬ್ಲೀಚಿಂಗ್ ದ್ರಾವಣ ಹಾಕಿ ಹತ್ತು ನಿಮಿಷ ಬಿಟ್ಟರೆ ಸಾಯುತ್ತದೆ. ಸೆಗಣಿ ಸಾರಿಸಿದ ಅಂಗಳದಲ್ಲಿ, ತರಗೆಲೆ ಬಿದ್ದ ತೋಟದಲ್ಲಿ ಬ್ಲೀಚಿಂಗ್ ಪೌಡರಿನ ಆಟ ನಡೆಯುವುದಿಲ್ಲ, ಸೆಗಣಿ ಮಣ್ಣುಗಳೇ ಅದರ ಶಕ್ತಿಯನ್ನು ಹೀರಿಬಿಡುತ್ತವೆ. ಹಿಂದೆ ಮರಿ ಸತ್ತ ಮನೆಗೆ ವರ್ಷದೊಳಗೆ ಲಸಿಕೆಯಿಲ್ಲದ ಮರಿ ತರಬಾರದು ಎನ್ನುವುದು ಅದಕ್ಕೇ.

ತಿಂಗಳ ಮರಿಗೆ ಲಸಿಕೆ ಚುಚ್ಚಿಸಿದರಾಯಿತಲ್ಲ ಎಂದರೆ, ಅದೂ ಸುಲಭವಿಲ್ಲ. ಹುಟ್ಟಿದ ಮೊದಲ ದಿನ ಕುಡಿದ ಗಿಣ್ಣುಹಾಲಿನಿಂದ ಮರಿಗೆ ತಾಯಿಯ ರೋಗನಿರೋಧಕ ಕಣಗಳು ಬರುತ್ತವೆ. ಅವು ವಾರ ವಾರಕ್ಕೆ ಕರಗುತ್ತಾ ಹೋಗುತ್ತವೆ. ಚೇಷ್ಟೆ ಇರುವುದು ಇಲ್ಲಿ: ತಾಯಿಯ ಕಣಗಳು ಕಾಯಿಲೆಯನ್ನು ತಡೆಯಲಾರದಷ್ಟು ಕಡಿಮೆಯಾದರೂ ಲಸಿಕೆಯನ್ನು ಕೆಡಿಸುವಷ್ಟು ಉಳಿದಿರುವ ಒಂದು ಅವಧಿ ಬರುತ್ತದೆ. ಕೆಲವು ಮರಿಗಳಿಗೆ ಅದು ಆರನೇ ವಾರ, ಕೆಲವಕ್ಕೆ ಹನ್ನೆರಡನೆಯದು. ಯಾವ ಮರಿಗೆ ಯಾವಾಗ ಎಂದು ಹೊರಗಿನಿಂದ ಕಾಣುವುದಿಲ್ಲ. ಅದಕ್ಕಾಗಿ ಆರರಿಂದ ಎಂಟು ವಾರದೊಳಗೆ ಮೊದಲ ಚುಚ್ಚು, ಆಮೇಲೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ. ‘ಒಂದು ಇಂಜೆಕ್ಷನ್ ಆಗಿದೆ’ ಎಂದು ಮರಿ ಕೊಡುವವರು ಹೇಳಿದರೆ ಅದು ಶುರು ಮಾತ್ರ, ಮುಗಿದದ್ದಲ್ಲ. ‘ಸೆವೆನ್ ಇನ್ ಒನ್’, ‘ನೈನ್ ಇನ್ ಒನ್’ ಎಂದು ಮೆಡಿಕಲ್‌ನವರು ಕೊಡುವ ಬಾಟಲಿಯನ್ನು 2ರಿಂದ 8 ಡಿಗ್ರಿಯ ತಂಪಿನಲ್ಲೇ ಇಟ್ಟಿರಬೇಕು. ಮಳೆಗಾಲದಲ್ಲಿ ಎರಡು ದಿನ ಕರೆಂಟಿಲ್ಲದ ನಮ್ಮ ಊರುಗಳಲ್ಲಿ ಆ ಫ್ರಿಜ್ಜು ಹೇಗಿತ್ತು ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಬಾಟಲಿಯ ಮೇಲಿನ ಚೀಟಿಯನ್ನು ಕಾರ್ಡಿಗೆ ಅಂಟಿಸಿ, ತಾರೀಕು ಬರೆಸಿಕೊಳ್ಳಬೇಕು. ಇದೇ ಲಸಿಕೆಯಲ್ಲಿ ಇಲಿಜ್ವರದ ತಡೆಯೂ ಸೇರಿರುತ್ತದೆ. ಗದ್ದೆ ತೋಟಗಳಲ್ಲಿ ನೀರು ನಿಲ್ಲುವ ಕರಾವಳಿಯಲ್ಲಿ ಅದನ್ನು ವರ್ಷ ವರ್ಷ ಮುಂದುವರಿಸಬೇಕು.

ಇಲ್ಲೊಂದು ಇಕ್ಕಟ್ಟು ಉಂಟು. ಲಸಿಕೆ ಮುಗಿಯುವವರೆಗೆ ಮರಿಯನ್ನು ಹೊರಗೆ ಬಿಡಬೇಡಿ ಎನ್ನುತ್ತದೆ ಪಾರ್ವೊ. ಹನ್ನೆರಡು ವಾರದೊಳಗೆ ಲೋಕ ತೋರಿಸಿ ಎನ್ನುತ್ತದೆ ಮಿದುಳು. ಇದಕ್ಕೆ ಉತ್ತರ ಮಡಿಲಿನಲ್ಲಿದೆ. ನೆಲಕ್ಕಿಳಿಸದೆ ಎತ್ತಿಕೊಂಡು ಹೋಗಿ. ಬಸ್ಸಿನ ಹಾರ್ನು, ಶಾಲೆ ಬಿಡುವ ಹೊತ್ತಿನ ಗಲಾಟೆ, ಹೆಲ್ಮೆಟ್ ಹಾಕಿದ ಮನುಷ್ಯ, ಕೊಡೆ ಬಿಚ್ಚುವ ಸದ್ದು, ಅಡಿಕೆ ಸುಲಿಯುವ ಯಂತ್ರ, ದೂರದ ಬಯಲಾಟದ ಚೆಂಡೆ, ಜಾತ್ರೆಯ ಗರ್ನಾಲು ಇವೆಲ್ಲ ಹೊಟ್ಟೆ ತುಂಬಿದ ಹೊತ್ತಿನಲ್ಲಿ, ಬೆಚ್ಚಗಿನ ಕೈಯಲ್ಲಿ ಕುಳಿತಿದ್ದಾಗ ಕಿವಿಗೆ ಬಿದ್ದರೆ ಮುಂದೆ ಅವು ದೆವ್ವವಾಗುವುದಿಲ್ಲ. ಒಂದೇ ಎಚ್ಚರ: ಎಂಟರಿಂದ ಹತ್ತನೇ ವಾರದೊಳಗೆ ಮರಿಗಳು ಸುಲಭವಾಗಿ ಬೆದರುತ್ತವೆ. ಆಗ ತಿಂದ ಹೊಡೆತ, ಆದ ಗಾಬರಿ ಬಹಳ ದಿನ ಉಳಿಯುತ್ತದೆ.

ಹುಳದ ವಿಷಯಕ್ಕೆ ಬರೋಣ, ಮನೆಯಲ್ಲಿ ಮಕ್ಕಳಿದ್ದರೆ ಮುಖ್ಯವಾದದ್ದು ಇದೇ. ಗುಂಡುಹೊಟ್ಟೆಯ ಮರಿ ನೋಡಿ ‘ಚೆನ್ನಾಗಿ ತಿಂದುಂಡು ಬೆಳೆದಿದೆ’ ಎನ್ನುವವರೇ ಹೆಚ್ಚು. ಬೆನ್ನೆಲುಬು ಕೈಗೆ ಸಿಗುತ್ತಿದ್ದು ಹೊಟ್ಟೆ ಮಾತ್ರ ಡೋಲಿನಂತಿದ್ದರೆ ಒಳಗಿರುವುದು ದುಂಡುಹುಳ. ಮರಿಗಳು ಇದನ್ನು ಹೊರಗಿನಿಂದ ಹಿಡಿಸಿಕೊಳ್ಳಬೇಕೆಂದಿಲ್ಲ, ತಾಯಿಯ ಮೈಯಲ್ಲಿ ಅಡಗಿದ್ದ ಮರಿಹುಳಗಳು ಗರ್ಭದಲ್ಲೇ ದಾಟಿಬಂದಿರುತ್ತವೆ. ಕೊಕ್ಕೆಹುಳ ಬರುವುದು ಹಾಲಿನಲ್ಲಿ. ಅದು ರಕ್ತ ಹೀರುವ ಜಾತಿ, ಮರಿಯ ಒಸಡು ಸುಣ್ಣದ ಹಾಗೆ ಬಿಳುಚಿಕೊಳ್ಳುತ್ತದೆ. ಅದಕ್ಕೇ ಹುಳದ ಔಷಧ ಎರಡನೇ ವಾರದಿಂದಲೇ ಶುರುವಾಗಬೇಕು, ಎಂಟು ವಾರದವರೆಗೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಮರಿಯನ್ನು ತೂಗಿ ಅಳತೆ ಮಾಡಿ. ತಾಯಿಗೂ ಕೊಡಬೇಕು. ಅಂಗಳದ ಮಣ್ಣಿಗೆ ಬಿದ್ದ ದುಂಡುಹುಳದ ಮೊಟ್ಟೆ ಮಕ್ಕಳ ಬಾಯಿಗೆ ಹೋದರೆ ಅವರ ಪಿತ್ತಜನಕಾಂಗಕ್ಕೂ ಕಣ್ಣಿಗೂ ತೊಂದರೆ ಕೊಡುವುದುಂಟು. ಮರಿಯ ಹೇಲು ಅಂದಂದೇ ತೆಗೆದು ಹೂಳುವುದೇ ಇದಕ್ಕೆ ದೊಡ್ಡ ಮದ್ದು.

ಉಣ್ಣಿ ಕಂಡರೆ ಸೀಮೆಎಣ್ಣೆ ಸವರುವ, ಹೊಗೆಸೊಪ್ಪಿನ ನೀರು ಬಳಿಯುವ ಅಭ್ಯಾಸ ನಮ್ಮಲ್ಲಿನ್ನೂ ಹೋಗಿಲ್ಲ. ಮರಿ ಮೈ ನೆಕ್ಕಿಕೊಳ್ಳುತ್ತದೆ, ವಿಷ ಹೊಟ್ಟೆಗೇ ಹೋಗುತ್ತದೆ. ಎಂಟು ವಾರದೊಳಗಿನ ಮರಿಗೆ ಅಂಗಡಿಯ ಉಣ್ಣಿ ಔಷಧಗಳಲ್ಲೂ ಹೆಚ್ಚಿನವು ಆಗುವುದಿಲ್ಲ. ಕೂತು ಒಂದೊಂದನ್ನೇ ಚಿಮಟದಲ್ಲಿ ಕೀಳುವುದೇ ದಾರಿ. ಕಿವಿಯ ಒಳಮಗ್ಗುಲು, ಬೆರಳ ಸಂದಿ ಮರೆಯಬಾರದು.

ಮರಿಯನ್ನು ಆರಿಸುವುದು ಹೇಗೆ? ಹಿಂದಿನವರಿಗೆ ಪರೀಕ್ಷೆಗಳಿದ್ದವು. ನನ್ನ ಅಜ್ಜ ಕುತ್ತಿಗೆಯ ತೊಗಲು ಹಿಡಿದು ಮರಿಯನ್ನು ಮೇಲೆತ್ತುತ್ತಿದ್ದರು: ಕೂಗಿದರೆ ಪುಕ್ಕಲು, ಸುಮ್ಮನಿದ್ದರೆ ಶೂರ. ಅಂಗುಳ ಕಪ್ಪಿದೆಯೇ ನೋಡುತ್ತಿದ್ದರು, ಉಗುರು ಎಣಿಸುತ್ತಿದ್ದರು. ಅಜ್ಜನ ಮೇಲಿನ ಗೌರವ ಇಟ್ಟುಕೊಂಡೇ ಹೇಳಬೇಕು, ಮೇಲೆತ್ತಿದಾಗ ಸುಮ್ಮನಿರುವ ಮರಿ ಹೆದರಿ ಮರಗಟ್ಟಿರಬಹುದು, ನಿಶ್ಶಕ್ತಿಯಿಂದಲೂ ಇರಬಹುದು. ಪಾಶ್ಚಾತ್ಯರೇನೂ ಕಡಿಮೆಯಿಲ್ಲ, 49ನೇ ದಿನ ಮಾಡುವ, ಅಂಕ ಕೊಡುವ ‘ಪಪ್ಪಿ ಟೆಸ್ಟ್’ಗಳು ಅವರಲ್ಲಿವೆ. ಆ ಒಂದು ದಿನದ ಅಂಕ ನೋಡಿ ದೊಡ್ಡ ನಾಯಿಯ ಗುಣ ಹೇಳಲಾಗದು ಎಂಬುದೇ ಆಮೇಲಿನ ಸಂಶೋಧನೆಗಳಲ್ಲಿ ಹೆಚ್ಚಿನವು ಕಂಡುಕೊಂಡದ್ದು. ನಾನು ನಂಬುವುದು ತಾಯಿಯನ್ನು, ಮತ್ತು ಮತ್ತೆ ಮತ್ತೆ ಹೋಗಿ ನೋಡುವುದನ್ನು. ಕೆಂಪಿ ಮೊದಲ ದಿನ ದೂರದಿಂದ ಗುರುಗುಟ್ಟಿತು, ಎರಡನೇ ಸಲ ನನ್ನ ಕೈ ಮೂಸಿತು, ಮೂರನೇ ಸಲ ನಾನು ಮರಿ ಎತ್ತಿಕೊಂಡಾಗ ಪಕ್ಕದಲ್ಲೇ ಬಂದು ಮಲಗಿತು. ಇಷ್ಟು ಸಾಕು.

ಆದರೂ ನನ್ನದೂ ಒಂದು ಪರೀಕ್ಷೆ ಉಂಟು. 50ನೇ ದಿನ ಅವರ ಮನೆಯ ಸ್ಟೀಲ್ ಚೆಂಬೊಂದನ್ನು ಕೇಳಿ ತಕೊಂಡು, ಮರಿಗಳಿಂದ ಐದಾರು ಹೆಜ್ಜೆ ದೂರದಲ್ಲಿ ಕೈಜಾರಿದವಳಂತೆ ನೆಲಕ್ಕೆ ಬಿಟ್ಟೆ. ಠಣ್ಣನೆ ಬಿದ್ದು ಉರುಳಿತು. ಐದೂ ಬೆಚ್ಚಿದವು, ಬೆಚ್ಚಲೇಬೇಕು, ಇಲ್ಲವಾದರೆ ಕಿವಿಯ ಬಗ್ಗೆ ಸಂಶಯಪಡಬೇಕು. ನೋಡಬೇಕಾದ್ದು ಆಮೇಲಿನದ್ದು. ಒಂದು ಗಂಡುಮರಿ ಸೌದೆಯ ಸಂದಿಗೆ ನುಗ್ಗಿ ನಾನು ಹೊರಡುವವರೆಗೂ ಬರಲಿಲ್ಲ. ಮೂರು ಮರಿಗಳು ದೂರ ನಿಂತು ಬೊಗಳಿದವು. ಎದೆಮಚ್ಚೆಯ ಹೆಣ್ಣು ಹಿಂದೆ ಸರಿದು, ಕತ್ತು ಓರೆ ಮಾಡಿ, ನಾನು ಮನಸ್ಸಿನಲ್ಲೇ ಇಪ್ಪತ್ತು ಎಣಿಸುವಷ್ಟರಲ್ಲಿ ಬಂದು ಚೆಂಬನ್ನು ಮೂಸಿತು. ಹೆದರುವುದು ತಪ್ಪಲ್ಲ, ಹೆದರಿಕೆಯಿಂದ ಹೊರಬರಲು ಎಷ್ಟು ಹೊತ್ತು ಬೇಕು ಎಂಬುದು ಮುಖ್ಯ. ಸಂದಿಗೆ ನುಗ್ಗಿದ ಮರಿಯೂ ಕೆಟ್ಟದ್ದಲ್ಲ, ಗಲಾಟೆಯಿಲ್ಲದ ಮನೆ, ತಾಳ್ಮೆಯ ಕೈ ಅದಕ್ಕೆ ಬೇಕು, ಅಷ್ಟೇ.

ಮೈ ನೋಡಲು ಹತ್ತು ನಿಮಿಷ ಸಾಕು. ಒಸಡು ಗುಲಾಬಿ, ಬೆರಳಿನಲ್ಲಿ ಒತ್ತಿ ಬಿಟ್ಟರೆ ಬಿಳಿಯಾದದ್ದು ಎರಡು ಸೆಕೆಂಡಿನಲ್ಲಿ ಮತ್ತೆ ಗುಲಾಬಿಯಾಗಬೇಕು. ಭುಜದ ತೊಗಲು ಚಿವುಟಿ ಬಿಟ್ಟರೆ ತಕ್ಷಣ ಕೂರಬೇಕು, ಗುಡಾರದ ಹಾಗೆ ನಿಂತರೆ ಮೈಯಲ್ಲಿ ನೀರಿಲ್ಲ. ಕಣ್ಣು ಮೂಗುಗಳಲ್ಲಿ ಹಳದಿ ಕೀವು, ಕೆಮ್ಮು ಇದ್ದರೆ ಡಿಸ್ಟೆಂಪರ್ ಇರಬಹುದು, ಆ ಮರಿಯನ್ನು ಮುಟ್ಟಿದ ಕೈಯಲ್ಲಿ ಇನ್ನೊಂದನ್ನು ಮುಟ್ಟಬೇಡಿ. ಹೊಕ್ಕುಳಲ್ಲಿ ಗಂಟಿದ್ದರೆ ಡಾಕ್ಟ್ರಿಗೆ ತೋರಿಸಿ, ಸಣ್ಣದಾದರೆ ಹೆದರುವಂಥದ್ದೇನಲ್ಲ. ಕೂದಲುದುರಿ ಕೆಂಪಾದ ತೇಪೆಗಳಿದ್ದರೆ ಕಜ್ಜಿ. ಹಿಂಬದಿ ಕೊಳಕಾಗಿ ಅಂಟಿಕೊಂಡಿದ್ದರೆ ಭೇದಿ. ಇನ್ನೊಂದು, ಮರಿ ನಿದ್ದೆಯಿಂದ ಎದ್ದಾಗ ನೋಡಿ. ಮೈಮುರಿದು, ಆಕಳಿಸಿ, ನಿಮ್ಮತ್ತ ಓಡಿಬರುವ ಮರಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

ಐದರಲ್ಲಿ ಎರಡು ಗಂಡು, ಮೂರು ಹೆಣ್ಣು. ಗಂಡುಗಳಿಗೆ ಕಣ್ಣು ಬಿಡುವ ಮೊದಲೇ ಮಾತಾಗಿತ್ತು. “ಹೆಣ್ಣು ಯಾರಿಗೂ ಬೇಡ ಅಕ್ಕ” ಎಂದರು ಯಜಮಾನರು, ಮುಖ ಬೇರೆ ಕಡೆ ತಿರುಗಿಸಿ. ಬೇಡದ ಹೆಣ್ಣುಮರಿಗಳು ಎಲ್ಲಿಗೆ ಹೋಗುತ್ತವೆ ಎಂಬುದು ನಮಗೆಲ್ಲ ಗೊತ್ತು. ಪೇಟೆಯ ಮೀನು ಮಾರ್ಕೆಟ್ಟಿನ ಬಳಿ, ದೇವಸ್ಥಾನದ ಗದ್ದೆಯ ಬದಿ, ಹೊತ್ತು ಮುಳುಗಿದ ಮೇಲೆ ಗೋಣಿಯ ಬಾಯಿ ಬಿಚ್ಚಿ ಸ್ಕೂಟರು ತಿರುಗಿಸಿದರಾಯಿತು. ಮಳೆ ಹಿಂದೆ ಸರಿಯುವಾಗ ಬೆದೆಗೆ ಬಂದ ಬೀದಿನಾಯಿಗಳು ಚಳಿಗಾಲದಲ್ಲಿ ಮರಿ ಹಾಕುತ್ತವೆ. ನಮ್ಮಲ್ಲಿ ಕಂಬಳ, ಕೋಲ, ಜಾತ್ರೆಗಳ ಕಾಲ ಅದು. ಕೋಲ್ಕತ್ತದ ಐಸರ್ ಸಂಸ್ಥೆಯ ವಿಜ್ಞಾನಿಗಳು ಬಂಗಾಳದ ಬೀದಿಗಳಲ್ಲಿ ಹುಟ್ಟಿದ 364 ಮರಿಗಳನ್ನು ಗಮನಿಸಿ 2016ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಏಳು ತಿಂಗಳು ದಾಟಿದ್ದು ಶೇ 19 ಮಾತ್ರ. ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಒಂದಲ್ಲ ಒಂದು ಬಗೆಯಲ್ಲಿ ಮನುಷ್ಯರೇ ಕಾರಣ. ಉಳಿದ ಹೆಣ್ಣು ಮರುವರ್ಷ ಮತ್ತೆ ಮರಿ ಹಾಕುತ್ತದೆ. ಬೀದಿನಾಯಿಗಳ ಸಂತಾನಹರಣ ಸ್ಥಳೀಯ ಸಂಸ್ಥೆಗಳ ಹೊಣೆ ಎಂದು 2023ರ ನಿಯಮ ಹೇಳುತ್ತದೆ. ಆದರೆ ಕೆಂಪಿ ಬೀದಿನಾಯಿಯಲ್ಲ, ಒಂದು ಮನೆಯ ನಾಯಿ, ಅದರ ಹೊಣೆ ಆ ಮನೆಯದ್ದು. ಆಪರೇಷನ್‌ಗೆ ಕರೆದೊಯ್ಯಲು ನಾನೂ ಬರುತ್ತೇನೆ ಎಂದು ಹೇಳಿ ಒಪ್ಪಿಸಿದ್ದೇನೆ. ಮಂಗಳೂರಿನ ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟ್‌ನವರು ವರ್ಷಗಳಿಂದ ಇಂಥ ಕೆಲಸ ಮಾಡುತ್ತಿದ್ದಾರೆ, ಮರಿಗಳಿಗೆ ಮನೆ ಹುಡುಕುವುದನ್ನೂ.

2022ರ ‘777 ಚಾರ್ಲಿ’ ನೋಡಿ ಅತ್ತವರಲ್ಲಿ ನಾನೂ ಒಬ್ಬಳು. ಆದರೆ ಚಿತ್ರಮಂದಿರದಿಂದ ಹೊರಬಂದು ಲ್ಯಾಬ್ರಡಾರ್ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದವರನ್ನೂ ನೋಡಿದ್ದೇನೆ. ಒಂದೇ ರಕ್ತಸಂಬಂಧದಲ್ಲಿ ಮರಿ ಹಾಕಿಸಿ ಮಾರುವ ದಂಧೆಯ ವಿರುದ್ಧ ಇದ್ದ ಚಿತ್ರ ಅದು ಎಂಬುದು ಅವರಿಗೆ ಕಣ್ಣೀರಿನಲ್ಲಿ ಕಾಣಲಿಲ್ಲವೇನೋ. ತಳಿಯೇ ಬೇಕೆಂದರೆ ನಮ್ಮದೇ ಮುಧೋಳ ಉಂಟಲ್ಲ ಎನ್ನುವವರೂ ಇದ್ದಾರೆ. ನಿಜ, ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರ ಉಂಟು, 2016ರಲ್ಲಿ ಅಲ್ಲಿನ ಮರಿಗಳು ಸೇನೆಗೂ ಹೋದವು. ಬಯಲುಸೀಮೆಯಲ್ಲಿ ಮೊಲದ ಹಿಂದೆ ಓಡಲು ಹುಟ್ಟಿದ ಆ ಕಾಲುಗಳನ್ನು ನಮ್ಮ ತೋಟದ ಮನೆಯ ಮೂರಡಿ ಸರಪಳಿಗೆ ಕಟ್ಟುವುದಾದರೆ ಬೇಡ.

ಇನ್ನು ಮನೆಯ ತಯಾರಿ. ಮರಿಯ ಆರೋಗ್ಯ ಕೇಳುವವರು ತಮ್ಮ ಮನೆಯ ಆರೋಗ್ಯ ನೋಡಿಕೊಳ್ಳುವುದಿಲ್ಲ. ನಮ್ಮ ಭಾಗದ ಮನೆಯಂಗಳದಲ್ಲಿ ಪುಸ್ತಕಗಳು ಹೇಳದ ಅಪಾಯಗಳಿವೆ. ಮೊದಲನೆಯದು ಕೊಕ್ಕೊ. ಚಾಕಲೇಟು ನಾಯಿಗೆ ವಿಷ ಎಂದು ಶಾಲೆಯ ಮಕ್ಕಳಿಗೂ ಗೊತ್ತು. 1986ರಿಂದ ಪುತ್ತೂರಿನ ಕ್ಯಾಂಪ್ಕೊ ಕಾರ್ಖಾನೆ ಚಾಕಲೇಟು ಮಾಡುವುದು ನಮ್ಮ ತೋಟದ ಬೀಜದಿಂದಲೇ ಎಂಬುದು ಮಾತ್ರ ಆ ಹೊತ್ತಿಗೆ ನೆನಪಾಗುವುದಿಲ್ಲ. ವಿಷವಾಗುವ ಥಿಯೋಬ್ರೊಮಿನ್ ಹಾಲು ಬೆರೆತ ಚಾಕಲೇಟಿಗಿಂತ ಒಣಬೀಜದಲ್ಲಿ ಹಲವು ಪಾಲು ಹೆಚ್ಚು. ಅಂಗಳದಲ್ಲಿ ಒಣಹಾಕಿದ ಬೀಜ ಕಡಿಯುವುದು ಹಲ್ಲು ಬರುವ ಮರಿಗೆ ಬಲು ಇಷ್ಟ. ಮುಂಗಾರಿನ ಹೊತ್ತಿಗೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಡ್ರಮ್ಮು, ಅದರ ತಳದಲ್ಲಿ ಉಳಿದ ಮೈಲುತುತ್ತಿನ ನೀಲಿ ನೀರು ಎರಡನೆಯದು. ಇಲಿ ಪಾಷಾಣ, ಕಟ್ಟೆಯಿಲ್ಲದ ಬಾವಿ, ತೋಟದ ಕೆರೆ. ರಾತ್ರಿ ಅಂಗಳದಲ್ಲಿ ಕಟ್ಟಿಹಾಕಿದ ನಾಯಿ ಚಿರತೆಗೆ ಬಡಿಸಿಟ್ಟ ಊಟ. ಕಾಡಂಚಿನ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಚ್ಚಲ ಒಲೆಯ ಪಕ್ಕ ಬೆಚ್ಚಗೆ ಮಲಗಿಸಿ, ಬಾಗಿಲು ಹಾಕಿ.

ಊಟದ ಬಗ್ಗೆ ಉದ್ದಕ್ಕೆ ಬರೆಯಲಾರೆ. ಬರೀ ಗಂಜಿಯಲ್ಲಿ ಎಲುಬು ಬೆಳೆಯುವುದಿಲ್ಲ, ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಮೀನು, ಕೋಳಿಯ ಮಾಂಸ ಬೇಕು. ಬೇಯಿಸಿದ ಕೋಳಿ ಎಲುಬು ಬೇಡ, ಉಪ್ಪು ಹೆಪ್ಪುಗಟ್ಟಿದ ಒಣಮೀನು ಬೇಡ, ನೀರುಳ್ಳಿ ಹಾಕಿದ ಸಾರು ಬೇಡ. ದನದ ಹಾಲು ಹೆಚ್ಚಾದರೆ ಭೇದಿ. ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಮೊದಲ ವಾರ ಹಳೆ ಮನೆಯಲ್ಲಿ ತಿನ್ನುತ್ತಿದ್ದುದನ್ನೇ ಕೊಡಿ.

‘ಮರಿ ಕಚ್ಚಿದ್ದಲ್ವಾ, ಎಂತ ಆಗುವುದಿಲ್ಲ’ ಎಂಬ ಮಾತು ಮಾತ್ರ ಅಪಾಯದ್ದು. ಹುಚ್ಚು ಹಿಡಿದ ನಾಯಿ ಕಚ್ಚಿದ ಮರಿಗೂ ರೇಬಿಸ್ ಬರುತ್ತದೆ, ಹಾಲುಹಲ್ಲಿನ ಗೀರಿನಿಂದಲೂ ಅದು ಮನುಷ್ಯರಿಗೆ ದಾಟುತ್ತದೆ. ಶುರುವಾದ ಮೇಲೆ ಬದುಕಿಸುವ ಮದ್ದಿಲ್ಲ. ಎಲ್ಲಿಯದೆಂದು ಗೊತ್ತಿಲ್ಲದ ಮರಿ ಗೀರಿದರೂ ಹರಿಯುವ ನೀರಲ್ಲಿ ಸಾಬೂನು ಹಾಕಿ ಹದಿನೈದು ನಿಮಿಷ ತೊಳೆದು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅರಿಶಿನ ಸುಣ್ಣ ಮೆತ್ತಿ ಕೂರಬಾರದು. ಮರಿಗೆ ರೇಬಿಸ್ ಲಸಿಕೆ ಮೂರು ತಿಂಗಳಿಗೆ, ಮತ್ತೆ ವರ್ಷಕ್ಕೆ. ಸೆಪ್ಟೆಂಬರ್ 28ರ ರೇಬಿಸ್ ದಿನದ ಹೊತ್ತಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತ ಶಿಬಿರಗಳು ನಡೆಯುವುದುಂಟು.

ಇನ್ನೊಂದು ತಯಾರಿ ಲಸಿಕೆಯ ಕಾರ್ಡಿನಲ್ಲಿ ಬರುವುದಿಲ್ಲ. ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಈಗ ಇರುವವರು ಇಬ್ಬರೇ ಹಿರಿಯರು. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ. ರಜೆಯಲ್ಲಿ ಬಂದವರು ‘ಅಪ್ಪ ಅಮ್ಮನಿಗೆ ಜೊತೆಗಿರಲಿ’ ಎಂದು ಮರಿ ತಂದುಬಿಟ್ಟು ಹೊರಡುತ್ತಾರೆ. ನಾಯಿ ಹನ್ನೆರಡು ಹದಿನಾಲ್ಕು ವರ್ಷ ಬದುಕುವ ಪ್ರಾಣಿ. ಎಪ್ಪತ್ತೈದರ ಮೊಣಕಾಲು ಮೂರು ತಿಂಗಳ ಮರಿಯ ಹಿಂದೆ ಓಡಲಾರದು. ಇನ್ನೊಂದು ಕಡೆ ಬಾಡಿಗೆ ರೂಮುಗಳಲ್ಲಿ ಓದುವ ಹುಡುಗರು, ಡಿಸೆಂಬರಿನಲ್ಲಿ ಬಿಸ್ಕತ್ತು ಹಾಕಿ ಒಳಗೆ ಮಲಗಿಸಿಕೊಂಡ ಮರಿ ಪರೀಕ್ಷೆ ಮುಗಿದ ಮೇಲೆ ಬೀಗ ಹಾಕಿದ ಬಾಗಿಲ ಮುಂದೆ ಕೂತಿರುತ್ತದೆ. ಮದುವೆಗೆಂದು ಎರಡು ದಿನ ಹೊರಟರೆ ಗಂಜಿ ಹಾಕುವವರು ಯಾರು? ಆ ಹೆಸರು ಬಾಯಿಗೆ ಬರದಿದ್ದರೆ ಮನೆ ಇನ್ನೂ ತಯಾರಾಗಿಲ್ಲ.

57ನೇ ದಿನ ಬೆಳಿಗ್ಗೆ ಹೋದೆ. ಬೆಳಿಗ್ಗೆಯೇ ಏಕೆಂದರೆ, ಕತ್ತಲಾಗುವ ಮೊದಲು ಹೊಸ ಜಾಗದ ಮೂಲೆ ಮೂಲೆ ಮೂಸಿ ಮುಗಿಸಲು ಮರಿಗೆ ಒಂದು ಹಗಲು ಸಿಗಬೇಕು. ವಾರದ ಹಿಂದೆಯೇ ಒಂದು ಗೋಣಿ ತುಂಡು ಕೊಟ್ಟು ಮರಿಗಳ ಕೆಳಗೆ ಹಾಸಲು ಹೇಳಿದ್ದೆ. ಅದನ್ನು ತೊಳೆಯದೆ, ಅದೇ ವಾಸನೆಯೊಂದಿಗೆ ಮಡಚಿ ತಂದೆ. ಎದೆಮಚ್ಚೆಯ ಮರಿಗೆ ಬೊಳ್ಳಿ ಎಂದು ಹೆಸರಿಟ್ಟೆವು. ಮೊದಲ ರಾತ್ರಿ ಹನ್ನೊಂದಕ್ಕೆ ಅಳು ಶುರು. ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಗೋಣಿಯ ಕೆಳಗಿಟ್ಟು, ಚಾಪೆ ಹಾಸಿ ಪಕ್ಕದಲ್ಲೇ ಮಲಗಿದೆ. ಕೈಬೆರಳು ಕಚ್ಚಿತು. ‘ಆಯ್’ ಎಂದೆ. ಬಿಟ್ಟಿತು, ಮತ್ತೆ ಹಿಡಿಯಿತು, ಮೆಲ್ಲಗೆ.

ನಾಲ್ಕನೇ ದಿನ ಸಂಜೆ ಕಟ್ಟಪುಣಿಯ ಮೇಲೆ ಕೆಂಪಿ ನಡೆದು ಬರುವುದು ಕಾಣಿಸಿತು. ಬೊಳ್ಳಿ ಬಾಲವೇ ಉದುರುವಂತೆ ಅಲ್ಲಾಡಿಸುತ್ತಾ ಓಡಿಹೋಗಿ ಹೊಟ್ಟೆಯಡಿ ಮೂತಿ ತೂರಿಸಿತು. ಕೆಂಪಿ ಒಮ್ಮೆ ಗುರ್ ಎಂದಿತು, ಮರಿಯನ್ನು ತಲೆಯಿಂದ ಬಾಲದವರೆಗೆ ಮೂಸಿತು, ಕಿವಿಯ ಒಳಗೆ ಒಮ್ಮೆ ನೆಕ್ಕಿತು. ಆಮೇಲೆ ಜಗಲಿಯ ಬುಡದಲ್ಲಿದ್ದ ಬೊಳ್ಳಿಯ ಗೆರಟೆಗೆ ಬಾಯಿ ಹಾಕಿ, ಉಳಿದಿದ್ದ ಗಂಜಿಯನ್ನು ತಳ ಕಾಣುವವರೆಗೆ ನೆಕ್ಕಿ, ಬಂದ ದಾರಿಯಲ್ಲೇ ಮನೆಗೆ ಹೋಯಿತು.